ಹತ್ತಿ ಆರುವ ದೀಪ

ಹಳೇ ಕಾರು ಕೊಳ್ಳುವವರು ಬಾನೆಟ್ ಎತ್ತುತ್ತಾರೆ, ಟೈರಿಗೆ ಒದೆಯುತ್ತಾರೆ. ನಾನು ಕೀ ತಿರುವಿ ಮೀಟರ್ ನೋಡುತ್ತೇನೆ. ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಹತ್ತಿ ಆರಬೇಕು. ಆರದಿದ್ದರೆ ದೋಷ; ಹತ್ತದೇ ಇದ್ದರೆ ಮೋಸದ ಗುಮಾನಿ. ಚನ್ನಗಿರಿಯಲ್ಲಿ ತೊಳೆದು ಮಿರಮಿರ ಮಿಂಚಿಸಿದ್ದ ಕಾರೊಂದರಲ್ಲಿ ಅದು ಹತ್ತಲೇ ಇಲ್ಲ. ಸುಮ್ಮನೆ ಎದ್ದು ಬಂದೆ.

2019ರ ಜುಲೈಯಿಂದ ಹೊಸ ಕಾರುಗಳಿಗೆಲ್ಲ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಆ ಕಾರುಗಳು ಈಗ ನಮ್ಮೂರುಗಳಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೈ ಬದಲಿಸುತ್ತಿವೆ. ಆ ದೀಪದ ಯಜಮಾನ ಇರುವುದು ಸಾಮಾನ್ಯವಾಗಿ ಗೇರ್ ಲಿವರಿನ ಆಸುಪಾಸು, ಕನ್ಸೋಲಿನ ಅಡಿಯಲ್ಲಿ: ಅಂಗೈಯಗಲದ ಡಬ್ಬಿ, ಏರ್‌ಬ್ಯಾಗ್ ಮಾಡ್ಯೂಲ್. ಜಗಳೂರು ಕಡೆಯ ಗುಂಡಿ ಕೊಟ್ಟ ಕುಲುಕು ಯಾವುದು, ಲಾರಿಗೆ ಗುದ್ದಿದ ಏಟು ಯಾವುದು ಎಂದು ರೆಪ್ಪೆ ಬಡಿಯುವ ಮೊದಲೇ ತೀರ್ಮಾನಿಸುವುದು ಅದರ ಕೆಲಸ. ಒಮ್ಮೆ ಚೀಲ ಬಿಚ್ಚಿತೆಂದರೆ ಆ ಅಪಘಾತ ಅದರ ನೆನಪಿನಲ್ಲಿ ಅಚ್ಚಾಗುತ್ತದೆ; ಸಾಮಾನ್ಯವಾಗಿ ಡಬ್ಬಿಯನ್ನೇ ಬದಲಿಸಬೇಕು.

ಹೊನ್ನಾಳಿಯ ಗ್ಯಾರೇಜೊಂದರಲ್ಲಿ ಈ ಕೆಲಸ ನೋಡುವ ಭಾಗ್ಯ ಸಿಕ್ಕಿತು. ಮೆಕ್ಯಾನಿಕ್ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೈಕಟ್ಟಿ ನಿಂತ. "ಅರ್ಜೆಂಟ್ ಮಾಡಬ್ಯಾಡ್ರಿ ಸರ್, ಚಾ ಕುಡೀರಿ." ಅಪಘಾತದಲ್ಲಿ ಬ್ಯಾಟರಿ ಕಡಿದುಹೋದರೂ ಚೀಲ ಬಿಚ್ಚಲೆಂದು ಡಬ್ಬಿಯೊಳಗೆ ಒಂದಿಷ್ಟು ಕರೆಂಟು ಕೂಡಿಟ್ಟಿರುತ್ತದೆ. ಅದು ಇಳಿಯುವ ತನಕ ಹಳದಿ ಕನೆಕ್ಟರ್ ಮುಟ್ಟುವ ಹಾಗಿಲ್ಲ. ಕಂಪನಿ ಪುಸ್ತಕ ಹೇಳಿದಷ್ಟು ನಿಮಿಷ ಕಳೆದ ಮೇಲೆ ಹೊಸ ಡಬ್ಬಿ ಕೂರಿಸಿದ, ಬಾಣದ ಗುರುತು ಮುಂದಕ್ಕೆ. ಬೋಲ್ಟನ್ನು ಟಾರ್ಕ್ ಸ್ಪ್ಯಾನರಿನಲ್ಲೇ ಬಿಗಿದ. ಡಬ್ಬಿ ಸಡಿಲಿದ್ದರೆ ಏಟಿನ ಲೆಕ್ಕವೇ ತಪ್ಪೀತು. ಬ್ಯಾಟರಿ ಮತ್ತೆ ಜೋಡಿಸುವಾಗ ಒಳಗೆ ಕೂತಿದ್ದ ಹುಡುಗನನ್ನು ಗದರಿ ಇಳಿಸಿದ.

ಇಷ್ಟಾದರೂ ದೀಪ ಆರಲಿಲ್ಲ. ಹೊಸ ಡಬ್ಬಿಗೆ ತಾನು ಯಾವ ಕಾರಿನಲ್ಲಿದ್ದೇನೆ ಎಂಬುದೇ ಗೊತ್ತಿರಲಿಲ್ಲ. ಸ್ಕ್ಯಾನರ್ ಹಾಕಿ ಚಾಸಿ ನಂಬರ್, ಚೀಲಗಳೆಷ್ಟು, ಬೆಲ್ಟ್ ಬಿಗಿಯುವ ಟೆನ್ಷನರ್ ಎಷ್ಟು ಎಂದು ಕೋಡಿಂಗ್ ಮಾಡಿದ. ಹಳೆಯ ದೋಷಗಳನ್ನು ಅಳಿಸಿದ. ಕಳ್ಳದಾರಿಯೂ ಉಂಟು: ಬಿಚ್ಚಿದ ಚೀಲದ ಜಾಗದಲ್ಲಿ ಮೂರು ಕಾಸಿನ ರೆಸಿಸ್ಟರ್ ಸಿಕ್ಕಿಸಿದರೂ ದೀಪ ಆರುತ್ತದೆ. ಅದಕ್ಕೇ ಈ ಕಸುಬಿನಲ್ಲಿ ಕೈಚಳಕಕ್ಕಿಂತ ನಿಯತ್ತು ದೊಡ್ಡದು.

ಕೀ ತಿರುವಿದ. ದೀಪ ಹತ್ತಿತು, ಆರಿತು. ನಾನು ಭೇಷ್ ಎನ್ನುವಷ್ಟರಲ್ಲಿ ಅವನು ಕೀ ತೆಗೆದು ಮತ್ತೆ ಹಾಕಿದ; ಮೂರನೇ ಸಲವೂ ಹತ್ತಿ ಆರಿದ ಮೇಲೆಯೇ ನ್ಯಾಮತಿಯಿಂದ ಬಂದಿದ್ದ ಯಜಮಾನರ ಕೈಗೆ ಕೀ ಕೊಟ್ಟ.