ದೋಷಪ್ರಕಟನೆಯಲ್ಲಿ ಪ್ರಮಾಣವೂ ರಸವೂ

ಕಾವ್ಯಪ್ರಯೋಜನಗಳನ್ನು ಎಣಿಸುವಲ್ಲಿ ಮಮ್ಮಟನು ಯಶಸ್ಸು, ಅರ್ಥ, ವ್ಯವಹಾರಜ್ಞಾನಗಳ ತರುವಾಯ ಅಮಂಗಳನಿವಾರಣೆಯನ್ನು ಹೇಳಿ, ಮಯೂರಕವಿಯು ಸೂರ್ಯನನ್ನು ಸ್ತುತಿಸಿ ರೋಗಮುಕ್ತನಾದನೆಂಬ ಐತಿಹ್ಯವನ್ನು ಸೂಚಿಸಿದ್ದಾನೆ. ಪಾಠಶಾಲೆಗಳಲ್ಲಿ ಈ ಪ್ರಯೋಜನವನ್ನು ಎರಡು ವಾಕ್ಯಗಳಲ್ಲಿ ಮುಗಿಸಿ ಮುಂದಕ್ಕೆ ಸಾಗುವುದು ವಾಡಿಕೆ. ಒಬ್ಬ ಕವಿಯ ಮೈಯ ರೋಗಕ್ಕೆ ಸಲ್ಲುವ ಈ ಮಾತು ಒಂದು ಪಟ್ಟಣದ ರೋಗಕ್ಕೂ ಸಲ್ಲುವುದೆ, ಸಂಘದೋಷವನ್ನು ಹೊರಗೆಡಹುವ ಬರಹ ಸಾಹಿತ್ಯವೆನಿಸುವುದೆ, ಎನಿಸುವುದಾದರೆ ಅದನ್ನು ಯಾವ ತಕ್ಕಡಿಯಲ್ಲಿ ತೂಗಬೇಕು ಎಂಬ ಪ್ರಶ್ನೆಯನ್ನು ಪ್ರಾಚೀನರು ಎತ್ತಲಿಲ್ಲ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಪತ್ರಿಕೆಯೂ ಕಾದಂಬರಿಯೂ ಬೆಳೆದ ಕಾಲದಲ್ಲಿ ಅದು ತಾನಾಗಿಯೇ ಎದ್ದುಬಂದಿತು. ಅದೇ ಪ್ರಶ್ನೆಗೆ ಅಮೆರಿಕಾ ದೇಶದ ಪತ್ರಕರ್ತರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕೊಟ್ಟ ಉತ್ತರವನ್ನು ಮೊದಲು ನೋಡಿದರೆ ಇಲ್ಲಿಯ ವಿಷಯ ಸ್ಪಷ್ಟವಾಗುವುದು.

೧೯೦೬ನೆಯ ಏಪ್ರಿಲಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟನು ಒಂದು ಭಾಷಣದಲ್ಲಿ ಈ ಪತ್ರಕರ್ತರನ್ನು ಬನಿಯನ್ನನ ರೂಪಕಕಥೆಯಲ್ಲಿ ಬರುವ ಕಸಗೋರುವವನಿಗೆ ಹೋಲಿಸಿದನು. ಆ ಮನುಷ್ಯನಿಗೆ ತಲೆಯ ಮೇಲೆ ಹಿಡಿದ ದಿವ್ಯಕಿರೀಟ ಕಾಣದು, ಕಾಲಡಿಯ ಕಸವಷ್ಟೇ ಕಾಣುವುದು. ಬೈಗುಳವಾಗಿ ಬಂದ ಹೆಸರು ಬಿರುದಾಗಿ ಉಳಿಯಿತು. ಆದರೆ ಕಸವನ್ನು ಗೋರಿದ ಮಾತ್ರಕ್ಕೆ ಅವರಿಗೆ ಗೌರವ ದೊರೆಯಲಿಲ್ಲ. ಗೋರಿದ್ದಕ್ಕೆ ಪ್ರಮಾಣವನ್ನು ಒದಗಿಸಿದರು. ವ್ಯವಹಾರನಿರ್ಣಯಕ್ಕೆ ಲಿಖಿತ, ಭುಕ್ತಿ, ಸಾಕ್ಷಿ ಎಂದು ಯಾಜ್ಞವಲ್ಕ್ಯನು ಹೇಳುವ ಮೂರು ಮಾನುಷಪ್ರಮಾಣಗಳು ಅವರ ಬರಹಗಳಲ್ಲಿ ಬೇರೊಂದು ವೇಷದಿಂದ ಕಾಣಿಸಿಕೊಳ್ಳುತ್ತವೆ.

ಲಿಖಿತಕ್ಕೆ ಉದಾಹರಣೆ ಕುಮಾರಿ ಐಡಾ ಟಾರ್ಬೆಲ್. ಸ್ಟ್ಯಾಂಡರ್ಡ್ ಆಯಿಲ್ ಸಂಸ್ಥೆಯ ಚರಿತ್ರೆಯನ್ನು ಈಕೆ ೧೯೦೨ರಿಂದ ೧೯೦೪ರವರೆಗೆ ಮೆಕ್ಲೂರನ ಮಾಸಪತ್ರಿಕೆಯಲ್ಲಿ ೧೯ ಕಂತುಗಳಲ್ಲಿ ಬರೆದಳು. ಈಕೆಯ ತಂದೆ ಪೆನ್ಸಿಲ್ವೇನಿಯದ ಎಣ್ಣೆಬಾವಿಗಳ ಪ್ರಾಂತದಲ್ಲಿ ಸ್ವತಂತ್ರವಾಗಿ ವ್ಯಾಪಾರ ನಡೆಸಿ ಆ ಸಂಸ್ಥೆಯ ಕೈಯಲ್ಲಿ ನೊಂದವನು. ಹೀಗೆ ದ್ವೇಷಕ್ಕೆ ಕಾರಣವಿದ್ದವಳು ದ್ವೇಷವನ್ನು ನಂಬದೆ ನ್ಯಾಯಾಲಯದ ಕಾಗದಗಳನ್ನೂ ವಿಚಾರಣಾ ಸಮಿತಿಗಳ ವರದಿಗಳನ್ನೂ ನಂಬಿದಳು. ಸಂಸ್ಥೆಯ ಮುಖ್ಯರಲ್ಲಿ ಒಬ್ಬನಾದ ರೋಜರ್ಸನ ಮಾತನ್ನೂ ಅನೇಕ ಸಲ ಕೇಳಿದಳು. ೧೯೧೧ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಸಂಸ್ಥೆಯನ್ನು ಒಡೆಯುವಂತೆ ತೀರ್ಪಿತ್ತಿತು. ಸಾಕ್ಷಿಯನ್ನು ಆಶ್ರಯಿಸಿದವನು ಲಿಂಕನ್ ಸ್ಟೆಫೆನ್ಸ್. ನಗರ ನಗರಕ್ಕೆ ಹೋಗಿ ಲಂಚ ಕೊಟ್ಟವನನ್ನೂ ಕೊಂಡವನನ್ನೂ ಮಾತಾಡಿಸಿದ ಇವನು, ಮಿನಿಯಾಪೊಲಿಸ್ ನಗರದ ವಂಚಕರು ಇಟ್ಟಿದ್ದ ಲೆಕ್ಕದ ಪುಸ್ತಕದ ಪುಟಗಳನ್ನೇ ಪಡಿಯಚ್ಚಾಗಿ ಮುದ್ರಿಸಿದನು. ನಮ್ಮ ಕವಿಗಳು ಕಾವ್ಯಾರಂಭದಲ್ಲಿ ದುರ್ಜನನಿಂದೆಯನ್ನು ತಪ್ಪದೆ ಮಾಡಿದರೂ ದುರ್ಜನನ ಹೆಸರನ್ನಾಗಲಿ ಊರನ್ನಾಗಲಿ ಹೇಳಿದವರಲ್ಲವೆಂಬುದು ಇಲ್ಲಿ ನೆನಪಿಗೆ ಬರುವುದು.

ಭುಕ್ತಿಯೆಂದರೆ ಸ್ಮೃತಿಯಲ್ಲಿ ಅನುಭೋಗ. ಅದನ್ನು ಅನುಭವವೆಂದು ವಿಸ್ತರಿಸಿಕೊಂಡರೆ ಅಪ್ಟನ್ ಸಿಂಕ್ಲೇರನು ದೃಷ್ಟಾಂತವಾಗುವನು. ೧೯೦೪ರಲ್ಲಿ ಶಿಕಾಗೋ ನಗರದ ಮಾಂಸದ ಕಾರ್ಖಾನೆಗಳ ಕೂಲಿಗಾರರ ನಡುವೆ ಏಳು ವಾರವಿದ್ದು ಅವನು ಬರೆದ ಕಾದಂಬರಿ ‘ದಿ ಜಂಗಲ್’ ೧೯೦೬ರ ಆದಿಯಲ್ಲಿ ಗ್ರಂಥವಾಯಿತು. ಪ್ರಕಾಶಕರು ಅಚ್ಚಿಗೆ ಮೊದಲು ತಮ್ಮ ವಕೀಲನನ್ನು ಕಳುಹಿಸಿ ಸತ್ಯಾಸತ್ಯವನ್ನು ನೋಡಿಸಿದರು. ಬಳಿಕ ಅಧ್ಯಕ್ಷನೇ ಇಬ್ಬರನ್ನು ನೇಮಿಸಿ ವರದಿ ತರಿಸಿದನು. ಅದೇ ವರ್ಷದ ಜೂನ್ ೩೦ರಂದು ಮಾಂಸಪರೀಕ್ಷೆಯ ಶಾಸನವೂ ಶುದ್ಧಾಹಾರದ ಶಾಸನವೂ ಆದವು. ವಿಮರ್ಶಕನಿಗೆ ಬೇಕಾದ ಸಂಗತಿ ಇದಾದ ಮೇಲೆ ಬರುವುದು. ಕೂಲಿಗಾರನ ಶೋಕವನ್ನು ಲೋಕಕ್ಕೆ ಮುಟ್ಟಿಸುವುದು ಕರ್ತೃವಿನ ಉದ್ದೇಶವಾಗಿತ್ತು. ಓದುಗರಿಗೆ ಮುಟ್ಟಿದ್ದು ಮಾಂಸದ ಹೊಲಸು. ಜನರ ಹೃದಯಕ್ಕೆ ಹೂಡಿದ ಗುರಿ ಹೊಟ್ಟೆಗೆ ತಗುಲಿತೆಂದು ಅವನೇ ವಿಷಾದಪಟ್ಟನು. ನಮ್ಮ ಪರಿಭಾಷೆಯಲ್ಲಿ, ಕರುಣವು ಅಂಗಿಯಾಗಬೇಕಾಗಿದ್ದ ಕೃತಿಯಲ್ಲಿ ಅಂಗವಾದ ಬೀಭತ್ಸವು ಅಂಗಿಯಾಗಿ ಕುಳಿತಿತು. ಜುಗುಪ್ಸೆ ತನಗೆ ಬೇಕಾದ ಶಾಸನವನ್ನು ಪಡೆಯಿತು. ಶೋಕಕ್ಕೆ ಶಾಸನ ದೊರೆಯಲಿಲ್ಲ. ದೋಷಪ್ರಕಟನೆಯ ಸಾಹಿತ್ಯದಲ್ಲಿ ರಸಭ್ರಂಶವೆಂಬುದು ಆಲಂಕಾರಿಕರ ಒಣಚರ್ಚೆಯಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ಬೇಕಾಗಿಲ್ಲ.

ಇನ್ನು ಮೈಸೂರು ಸೀಮೆಯ ವಿಚಾರ. ಇಲ್ಲಿ ಮೊದಲ ಅಡ್ಡಿ ಶಾಸನದ್ದು. ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ, ೧೯೦೮ರಲ್ಲಿ, ಜಾರಿಗೆ ಬಂದ ವೃತ್ತಪತ್ರಿಕೆಗಳ ನಿಬಂಧನೆಯ ಮೇರೆಗೆ ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ಹೊರಡುವಂತಿರಲಿಲ್ಲ. ಕೊಟ್ಟ ಅಪ್ಪಣೆಯನ್ನು ಸರ್ಕಾರ ಹಿಂದಕ್ಕೆ ತೆಗೆದುಕೊಳ್ಳಬಹುದಾಗಿತ್ತು. ತಾತಯ್ಯನವರೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರಂತಹ ಹಿರಿಯರೇ ಇದನ್ನು ಪ್ರತಿಭಟಿಸಿ ಪತ್ರಿಕೆಯನ್ನು ನಿಲ್ಲಿಸಬೇಕಾಯಿತು. ಇಂತಹ ಕಾಲದಲ್ಲಿ ಪತ್ರಿಕಾವೃತ್ತಿಗೆ ಇಳಿದವರು ಬಸವನಗುಡಿಯ ಡಿ. ವಿ. ಗುಂಡಪ್ಪನವರು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಇವರು ಇಂಗ್ಲಿಷಿನಲ್ಲಿ ನಡೆಸಿದ ‘ಕರ್ನಾಟಕ’ ಅರ್ಧಸಾಪ್ತಾಹಿಕವೂ, ಕನ್ನಡದಲ್ಲಿ ಬರೆದ ‘ವೃತ್ತಪತ್ರಿಕೆ’ ಎಂಬ ಗ್ರಂಥವೂ, ೧೯೨೮ರ ಬಾಗಲಕೋಟೆಯ ಪತ್ರಕರ್ತರ ಸಮ್ಮೇಳನದಲ್ಲಿ ವಹಿಸಿದ ಅಧ್ಯಕ್ಷತೆಯೂ ಕನ್ನಡ ಪತ್ರಿಕೋದ್ಯಮಕ್ಕೆ ಒಂದು ಧರ್ಮವನ್ನು ಕಲ್ಪಿಸಿದವು. ದಸರಾ ವರ್ತಮಾನವನ್ನು ಬರೆಯಬಂದ ಪತ್ರಕರ್ತರಿಗೆ ಸರ್ಕಾರ ಕೊಡುತ್ತಿದ್ದ ಭತ್ಯವನ್ನು ಅವರು ಹಿಂದಿರುಗಿಸಿದ ಪ್ರಸಂಗ ಎಲ್ಲರೂ ಬಲ್ಲುದು. ಕೈ ಶುದ್ಧವಾಗಿತ್ತು, ತರ್ಕ ಶುದ್ಧವಾಗಿತ್ತು, ನುಡಿ ಶುದ್ಧವಾಗಿತ್ತು.

ಆದರೂ ಆ ಬರಹದ ಜೀವ ಸುಹೃತ್ಸಂಮಿತವಾದ ಉಪದೇಶದಲ್ಲಿದೆ, ಶೋಧನೆಯಲ್ಲಿಲ್ಲ. ಸಂಸ್ಥಾನಗಳ ರಾಜ್ಯಾಂಗ, ಪ್ರಜೆಯ ಹಕ್ಕುಬಾಧ್ಯತೆ ಇವುಗಳನ್ನು ಕುರಿತು ಮಿತ್ರನಂತೆ ತಿಳಿಹೇಳುವ ಗುಂಡಪ್ಪನವರು ಕಾರ್ಖಾನೆಯ ಬಾಗಿಲಲ್ಲಿ ನಿಂತು ಲೆಕ್ಕ ಕೇಳುವ ಬಗೆಯ ಪತ್ರಕರ್ತರಲ್ಲ. ಇದನ್ನು ದೂಷಣೆಯಾಗಿ ಎಣಿಸಬೇಕಾಗಿಲ್ಲ. ಮೆಕ್ಲೂರನು ಒಂದು ಲೇಖನಮಾಲೆಗೆ ವರ್ಷಗಟ್ಟಲೆ ಹಣ ಸುರಿಯಬಲ್ಲವನಾಗಿದ್ದನು. ಇಲ್ಲಿಯ ಸಂಪಾದಕನೇ ಮಾಲಿಕ, ಅನೇಕ ವೇಳೆ ಕರಡು ತಿದ್ದುವವನೂ ಅವನೇ. ಆದರೆ ಅಭಾವವು ಅಭಾವವೇ. ಗುಂಡಪ್ಪನವರ ಹುಟ್ಟೂರಾದ ಮುಳಬಾಗಿಲಿರುವ ಕೋಲಾರ ಜಿಲ್ಲೆಯಲ್ಲಿಯೇ ಚಿನ್ನದ ಗಣಿಗಳಿದ್ದವು. ನೆಲದೊಳಗೆ ಬಂಡೆ ಸಿಡಿದು ಸತ್ತವರೂ ಕಲ್ಲಿನ ಧೂಳಿನಿಂದ ಎದೆಗೆಟ್ಟವರೂ ಅಲ್ಲಿದ್ದರು. ಕೂಲಿಗಾರರಲ್ಲಿ ಬಹುಮಂದಿ ತಮಿಳು ತೆಲುಗು ನುಡಿಯವರಾಗಿದ್ದುದು ಕನ್ನಡ ಲೇಖಕರು ಆ ಕಡೆಗೆ ಹೋಗದಿರಲು ಒಂದು ಕಾರಣವಾದರೂ ಅದೊಂದೇ ಕಾರಣವೆನ್ನುವುದು ಕಷ್ಟ.

ಪ್ರಮಾಣ ಬಲಹೀನವಾದಲ್ಲಿ ಆಗುವ ನಷ್ಟಕ್ಕೆ ವಿದುರಾಶ್ವತ್ಥವೇ ಸಾಕ್ಷಿ. ೧೯೩೮ನೆಯ ಏಪ್ರಿಲ್ ೨೫ರಂದು ಧ್ವಜಸತ್ಯಾಗ್ರಹಕ್ಕಾಗಿ ನೆರೆದ ಜನರ ಮೇಲೆ ಗುಂಡು ಹಾರಿತು. ವೇಪಾ ರಾಮೇಶಂ ಅವರ ಸಮಿತಿ ವಿಚಾರಣೆ ನಡೆಸಿತು. ಸತ್ತವರು ಹತ್ತರ ಸುಮಾರೆಂಬುದು ಸರ್ಕಾರದ ಎಣಿಕೆ, ಮೂವತ್ತನ್ನು ಮೀರಿದರೆಂಬುದು ಜನರ ಎಣಿಕೆ. ಈ ಎರಡು ಎಣಿಕೆಗಳೂ ಚರಿತ್ರೆಯ ಪುಸ್ತಕಗಳಲ್ಲಿ ಇಂದಿಗೂ ಅಕ್ಕಪಕ್ಕದಲ್ಲಿಯೇ ನಿಂತಿವೆ. ಆವೇಶದ ಲೇಖನ ನೂರಿದ್ದರೂ ಆ ಅಂತರವನ್ನು ತುಂಬಲಾರವು; ಮನೆಮನೆಗೆ ಹೋಗಿ ಬರೆದುಕೊಂಡ ಒಂದು ಪಟ್ಟಿ ತುಂಬಬಲ್ಲುದು.

ಪತ್ರಿಕೆಯು ಬಿಟ್ಟ ಕೆಲಸವನ್ನು ಕಾದಂಬರಿಯು ಕೈಗೆತ್ತಿಕೊಂಡಿತು. ಪ್ರಗತಿಶೀಲರ ಮುಂದಾಳಾದ ವಿಶ್ವೇಶ್ವರಪುರದ ಅ. ನ. ಕೃಷ್ಣರಾಯರು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಎಂಬ ಕೃತಿಗಳಲ್ಲಿ ವೇಶ್ಯಾಜೀವನವನ್ನು ತೆರೆದಿಟ್ಟರು. ಆಗ ಎದ್ದ ಕೋಲಾಹಲವೆಲ್ಲ ಅಶ್ಲೀಲತೆಯನ್ನು ಕುರಿತದ್ದು. ರಾಯರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಗ್ರಂಥವನ್ನೇ ಉತ್ತರವಾಗಿ ಬರೆದರು. ಅಶ್ಲೀಲವು ನಿತ್ಯದೋಷವಲ್ಲ, ಶಮಕಥೆಯೇ ಮೊದಲಾದ ಕಡೆಗಳಲ್ಲಿ ಅದು ಗುಣವಾಗಬಹುದೆಂದು ಮಮ್ಮಟನೇ ಒಪ್ಪಿರುವಾಗ, ಆಕ್ಷೇಪಿಸಿದ ಪಂಡಿತರು ತಮ್ಮ ಶಾಸ್ತ್ರವನ್ನೇ ಅರ್ಧ ಓದಿದಂತಾಯಿತು. ರಾಯರಿಗೂ ಸಿಂಕ್ಲೇರನ ಗತಿಯೇ ಒದಗಿತು: ಅವರು ಬಯಸಿದ್ದು ಆ ಹೆಂಗಸರ ವಿಷಯದಲ್ಲಿ ಕರುಣ, ವಾದಿಗಳು ಕಂಡದ್ದು ಶೃಂಗಾರಾಭಾಸ. ಆದರೆ ಸಿಂಕ್ಲೇರನ ಬೆನ್ನ ಹಿಂದೆ ವಕೀಲನ ಪರೀಕ್ಷೆಯೂ ಸರ್ಕಾರದ ವರದಿಯೂ ಬಂದು ನಿಂತವು. ಬೆಂಗಳೂರಿನ ಚರ್ಚೆ ಶ್ಲೀಲಾಶ್ಲೀಲಗಳಲ್ಲಿಯೇ ಸುತ್ತಿತು. ಕಾದಂಬರಿಯಲ್ಲಿ ಹೇಳಿದಂತೆ ಬಾಡಿಗೆ ಎತ್ತುವವರು ಯಾರು, ಹುಡುಗಿಯರನ್ನು ಕರೆತರುವವರು ಯಾರು, ಪೋಲೀಸಿನವರ ಪಾಲೆಷ್ಟು ಎಂಬ ಪ್ರಶ್ನೆಗಳು ಆ ಗದ್ದಲದಲ್ಲಿ ಹಿಂದೆ ಬಿದ್ದವು.