ಮುದ್ರಿತ ವಾಣಿ ಮತ್ತು ಮಾದೇಶ್ವರ ಕಾವ್ಯದ ಸೊಲ್ಲು

ಅನ್ಯೋದ್ದೇಶಕ್ಕಾಗಿ ಮುದ್ರಿಸಿದ ಮಾತಿನ ತುಣುಕನ್ನೇ ದ್ರವ್ಯವಾಗಿರಿಸಿಕೊಂಡು ಸಂಗೀತವನ್ನು ಕಟ್ಟುವ ಪ್ರಯೋಗಗಳಲ್ಲಿ ಹೊಸತನವೊಂದನ್ನೇ ಗುಣವೆಂದು ಎಣಿಸಿದರೆ ವಿಮರ್ಶೆಯ ಕಾರ್ಯ ಮುಗಿಯದು. ಮಾತು ಹಾಡಾಗುವ ಬಗೆಯನ್ನು ಚೆನ್ನಾಗಿ ಬಲ್ಲ ಮಲೆ ಮಹದೇಶ್ವರ ಬೆಟ್ಟದ ಕಂಸಾಳೆಯವರ ಕಾವ್ಯವನ್ನು ಒರೆಗಲ್ಲಾಗಿಟ್ಟುಕೊಂಡು ಅಂಥ ಎರಡು ಕೃತಿಗಳನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಅಮೆರಿಕದ ಸ್ಟೀವ್ ರೈಶ್ 1965ರಲ್ಲಿ ರಚಿಸಿದ ‘ಇಟ್ಸ್ ಗೊನ್ನ ರೇನ್’ ಕೃತಿಗೆ, ಸ್ಯಾನ್‌ಫ್ರಾನ್ಸಿಸ್ಕೋದ ಚೌಕವೊಂದರಲ್ಲಿ ಪ್ರಳಯಕಥೆಯನ್ನು ಸಾರುತ್ತಿದ್ದ ಬೋಧಕನ ವಾಣಿಯೇ ಆಧಾರ. ಒಂದೇ ತುಣುಕಿನ ಎರಡು ಸುರುಳಿಗಳು ಜೊತೆಯಾಗಿ ತಿರುಗುತ್ತ ಮೆಲ್ಲಮೆಲ್ಲನೆ ಹೊಂದಿಕೆ ತಪ್ಪುತ್ತವೆ. ಅರ್ಥ ಹಿಂದೆ ಸರಿದು ದನಿಯ ಏರಿಳಿತವೂ ಲಯವೂ ಮುಂದೆ ಬರುತ್ತವೆ. 1966ರ ‘ಕಮ್ ಔಟ್’ನಲ್ಲಿ ಇರುವುದು ಡೇನಿಯಲ್ ಹ್ಯಾಮ್ ಎಂಬ ತರುಣನ ಸಾಕ್ಷ್ಯ. ಹಾರ್ಲೆಮ್‌ನಲ್ಲಿ ಪೊಲೀಸರ ಪೆಟ್ಟು ತಿಂದ ಆತ, ತನಗೆ ಗಾಯವಾಗಿರುವುದನ್ನು ನಂಬಿಸಲು ಹೆಪ್ಪುಗಟ್ಟಿದ ರಕ್ತವನ್ನು ತಾನೇ ಹೊರಬರಿಸಬೇಕಾಯಿತು. ಆ ಮಾತು ಎರಡು, ನಾಲ್ಕು, ಎಂಟು ದನಿಗಳಾಗಿ ಕವಲೊಡೆದು ಕಡೆಗೆ ಬರಿಯ ಮೊರೆತವಾಗುತ್ತದೆ.

ಆವೃತ್ತಿ ಕಂಸಾಳೆಯವರಿಗೂ ಹೊಸದಲ್ಲ. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ್ದಾರೆ. ಈ ಪರಂಪರೆಯಲ್ಲಿ ಮುಖ್ಯಗಾಯಕ ಗದ್ಯವನ್ನೂ ಹಾಡನ್ನೂ ಹೆಣೆಯುತ್ತ ಸಾಗುತ್ತಾನೆ. ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಸೊಲ್ಲು ಮಾತಿನ ನಕಲಲ್ಲ, ಮಾತಿಗೆ ದೊರೆತ ಓಗೊಡುವಿಕೆ. ಸುರುಳಿಗಾದರೋ ಓಗೊಡುವ ಶಕ್ತಿಯಿಲ್ಲ; ಅದು ಮಾತನಾಡಿದವನನ್ನೇ ತನ್ನ ಹಿಮ್ಮೇಳವಾಗಿ ದುಡಿಸಿಕೊಳ್ಳುತ್ತದೆ.

ಇದು ಕೇವಲ ತಂತ್ರದ ಭೇದವಲ್ಲ. ‘ಸಂಕಮ್ಮನ ಸಾಲಿ’ನಲ್ಲಿ ಕಾಡಿಗೆ ಹೊರಟ ಗಂಡ ನೀಲೇಗೌಡ ಹೆಂಡತಿಯಿಂದ ಶೀಲದ ಭಾಷೆಯನ್ನು ಬೇಡುತ್ತಾನೆ, ಆಕೆ ಕೊಡಳು, ಅದಕ್ಕಾಗಿ ಘೋರ ಹಿಂಸೆಯನ್ನು ಸಹಿಸುತ್ತಾಳೆ. ಮಾತು ಆಡುವವರ ಸ್ವತ್ತು, ಅದನ್ನು ಬಲದಿಂದ ಪಡೆಯಲಾಗದು ಎಂಬುದೇ ಆ ಸಾಲಿನ ತಿರುಳು.

ಈ ನೆಲೆಯಿಂದ ನೋಡಿದರೆ ಮೊದಲನೆಯ ಕೃತಿ ಹೆಚ್ಚು ಸಫಲವಾಗಿದೆ. ಪ್ರಳಯಭೀತಿಯನ್ನು ಹುಟ್ಟಿಸುವುದೇ ಬೋಧಕನ ಉದ್ದೇಶ. ದನಿಗಳ ಮೇಲಾಟ ಅದನ್ನು ಬೆಳೆಸುತ್ತದೆ. ಸಾಕ್ಷ್ಯಕ್ಕೆ ಸ್ಪಷ್ಟತೆಯೇ ಪ್ರಾಣ. ಮೊರೆತದಲ್ಲಿ ಅದು ಅಳಿಯುತ್ತದೆ. ಕೇಳಲೊಲ್ಲದ ಲೋಕವನ್ನು ಆ ಮೊರೆತವೇ ಸೂಚಿಸುತ್ತದೆಂದು ವಾದಿಸಬಹುದು. ಆದರೆ ಆ ಸೂಚನೆ ಫಲಿಸುವುದು, ಆರಂಭದಲ್ಲಿ ಹ್ಯಾಮ್‌ನ ಮಾತನ್ನು ಮೂರು ಸಲ ಇಡಿಯಾಗಿ ಕೇಳಿಸಿರುವುದರಿಂದ. ಆರು ಮಂದಿ ತರುಣರ ಮರುವಿಚಾರಣೆಯ ಸಹಾಯಾರ್ಥವಾಗಿ ಕೃತಿ ಹುಟ್ಟಿದುದರಿಂದ.

ಬೆಟ್ಟದ ಗಾಯಕರ ಧ್ವನಿಮುದ್ರಣಗಳನ್ನು ಹೊಸ ಸಂಗೀತಕ್ಕೆ ಬಳಸುವವರು ಇದನ್ನು ಗಮನಿಸಬೇಕು. ಮೊದಲು ಮಾತು ಇಡಿಯಾಗಿ ಕೇಳಲಿ, ಆಡಿದವರ ಹೆಸರು ಉಳಿಯಲಿ, ಅವರ ಒಪ್ಪಿಗೆಯಿರಲಿ. ಆಗ ಆವೃತ್ತಿ ಸೊಲ್ಲಾದೀತು. ಇಲ್ಲವಾದರೆ ಅದು ಬಲವಂತದಿಂದ ಪಡೆದ ಭಾಷೆಯೇ ಸರಿ.