ನಾಲ್ಕು ತಂತಿ, ತಿಂಗಳ ಸಂಬಳ

ಪಿಟೀಲು ನಮ್ಮ ಪೂರ್ವತೀರಕ್ಕೆ ಹಡಗಿನಲ್ಲಿ ಬಂದಿಳಿದ ವಾದ್ಯ. ಮದರಾಸಿನ ಕೋಟೆಯಲ್ಲಿ ಕುಂಪಣಿ ಸೇನೆಯ ಮೇಳದವರು ನುಡಿಸುತ್ತಿದ್ದ ಸಾಗರದಾಚೆಯ ಧಾಟಿಗಳಿಗೆ, ಅವುಗಳಲ್ಲಿ ಐರಿಷ್ ಮತ್ತು ಸ್ಕಾಟಿಷ್ ಮೂಲದವೂ ಸೇರಿದಂತೆ, ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ ನೋಟುಸ್ವರಗಳೆಂಬ ಕಿರುರಚನೆಗಳನ್ನು ಮಾಡಿಕೊಟ್ಟರು. ಅವರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಆ ವಾದ್ಯವನ್ನೇ ಅಭ್ಯಾಸಮಾಡಿ ಕರ್ಣಾಟಕ ಸಂಗೀತದ ಒಳಮನೆಗೆ ಕರೆತಂದರು. ಕಾಲಕ್ರಮದಲ್ಲಿ ನಾವು ಅದನ್ನು ನೆಲದ ಮೇಲೆ ಕುಳ್ಳಿರಿಸಿಕೊಂಡೆವು, ಅದರ ತುದಿಯನ್ನು ಬಲಪಾದದ ಮೇಲೆ ಊರಿಸಿದೆವು, ನಾಲ್ಕು ತಂತಿಗಳನ್ನೂ ಷಡ್ಜ-ಪಂಚಮಗಳಿಗೆ ಕೂಡಿಸಿ ಗಮಕವನ್ನು ಕಲಿಸಿದೆವು. ಅದೇ ವಾದ್ಯ ಐರ್ಲೆಂಡಿನ ಪಶ್ಚಿಮದ ಹಳ್ಳಿಗಳಲ್ಲಿ ರೈತರ ಅಡುಗೆಮನೆಯ ಬೆಂಕಿಯ ಬಳಿ, ಕುಣಿಯುವವರ ಹೆಜ್ಜೆಗೆ ಕುಮ್ಮಕ್ಕು ಕೊಡುತ್ತ, ತಂದೆಯಿಂದ ಮಗನಿಗೆ ಕಿವಿಯಿಂದಲೇ ದಾಟುತ್ತ ಬಂತು. ಅಲ್ಲಿನ ಪರಂಪರೆಯ ವಾದಕರು ಈ ಕಾಲದಲ್ಲಿ ಹೇಗೆ ಜೀವನ ಸಾಗಿಸುತ್ತಾರೆ, ಅದನ್ನು ಕುರಿತು ಬರೆಯಬಾರದೇ ಎಂದು ಓದುಗಮಿತ್ರರೊಬ್ಬರು ಕೇಳಿದ್ದರು. ಆ ಪ್ರಶ್ನೆಗೆ ಉತ್ತರವನ್ನು ಅರಸುತ್ತ ಹೋದಷ್ಟೂ ನನಗೆ ಎದುರಾದದ್ದು ನಾನು ವಾಸವಾಗಿರುವ ವಿಶಾಖಪಟ್ಟಣವೂ, ಇಲ್ಲಿಂದ ರೈಲಿನಲ್ಲಿ ಅರ್ಧ ದಿನದ ದಾರಿಯ ವಿಜಯವಾಡವೂ.

ಐರಿಷ್ ವಾದಕರಲ್ಲಿ ಬಹುಮಂದಿಗೆ ಸಂಗೀತವು ಅನ್ನವನ್ನು ಕೊಡಲಿಲ್ಲ. ಸ್ಲೈಗೋ ಪ್ರಾಂತದ ಮೈಕೆಲ್ ಕೋಲ್ಮನ್ನರು ಹಡಗು ಹತ್ತಿ ನ್ಯೂಯಾರ್ಕಿಗೆ ಹೋದರು. 1920ರ ದಶಕದಲ್ಲಿ ಅವರು ಅಲ್ಲಿ ನುಡಿಸಿ ಮುದ್ರಿಸಿದ ತಟ್ಟೆಗಳು ಸಮುದ್ರ ದಾಟಿ ತವರಿಗೆ ಮರಳಿ, ತವರಿನವರೇ ತಮ್ಮ ಊರಿನ ಶೈಲಿಯನ್ನು ಬಿಟ್ಟು ಅವರನ್ನು ಅನುಕರಿಸುವಂತಾಯಿತು. ಷಿಕಾಗೋ ನಗರದ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓ'ನೀಲ್ ತಾವು ಕೇಳಿದ ಧಾಟಿಗಳನ್ನು ಬರೆಸಿಟ್ಟು, 1903ರಲ್ಲಿ 1,850 ರಚನೆಗಳ ಮಹಾಸಂಗ್ರಹವನ್ನು ಪ್ರಕಟಿಸಿದರು; ವಾದಕರಿಗೆ ತಮ್ಮ ಇಲಾಖೆಯಲ್ಲೇ ಉದ್ಯೋಗ ಕೊಡಿಸಿದರೆಂಬ ಖ್ಯಾತಿಯೂ ಅವರಿಗಿದೆ. ಡಬ್ಲಿನ್ನಿನ ಟಾಮಿ ಪಾಟ್ಸ್, ಆ ಪರಂಪರೆಯಲ್ಲಿ ಅತ್ಯಂತ ಸ್ವತಂತ್ರವಾಗಿ ಮನೋಧರ್ಮವನ್ನು ಹರಿಯಬಿಟ್ಟವರು, ನಗರದ ಅಗ್ನಿಶಾಮಕ ದಳದ ನೌಕರರು. ನಮ್ಮ ಕಾಲದ ಮಾರ್ಟಿನ್ ಹೇಸ್, ಕ್ಲೇರ್ ಪ್ರಾಂತದ ಪ್ರಖ್ಯಾತ ನೃತ್ಯಮೇಳವೊಂದರ ಪಿಟೀಲುವಾದಕರ ಮಗ, ಜಗತ್ತಿನ ದೊಡ್ಡ ಸಭಾಂಗಣಗಳಲ್ಲಿ ನುಡಿಸುವ ಸ್ಥಾನಕ್ಕೆ ಬರುವ ಮೊದಲು ಷಿಕಾಗೋದಲ್ಲಿ ಬೇರೆ ಬಗೆಯ ವಾದ್ಯಗೋಷ್ಠಿಗಳಲ್ಲಿ ವರ್ಷಗಳನ್ನು ಸವೆಸಬೇಕಾಯಿತು. 2022ರಲ್ಲಿ ಐರಿಷ್ ಸರಕಾರ ಒಂದು ಧೀರ ಪ್ರಯೋಗಕ್ಕೆ ಕೈಹಾಕಿತು: ಅರ್ಹರಾದ ಅರ್ಜಿದಾರರಲ್ಲಿ ಚೀಟಿಯೆತ್ತಿದಂತೆ 2,000 ಮಂದಿಯನ್ನು ಆರಿಸಿ, ಪ್ರತಿಯೊಬ್ಬರಿಗೂ ವಾರಕ್ಕೆ 325 ಯೂರೋಗಳನ್ನು, ಇಂಥದನ್ನೇ ಮಾಡಿ ತೋರಿಸಿರೆಂಬ ನಿಬಂಧನೆಯಿಲ್ಲದೆ, ಕೊಡಮಾಡಿತು. ಹೊಸ ಕಾಲದ ಹೊಸ ವಿಚಾರವೆಂದು ಇದನ್ನು ಕೊಂಡಾಡುವವರು ಒಮ್ಮೆ ವಿಶಾಖಪಟ್ಟಣದಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ದೂರದ ವಿಜಯನಗರಂ ಪಟ್ಟಣಕ್ಕೆ ಬರಬೇಕು.

ಅಲ್ಲಿನ ಪೂಸಪಾಟಿ ಮನೆತನದ ದೊರೆ ವಿಜಯರಾಮ ಗಜಪತಿರಾಜು 1919ರಲ್ಲಿ ಒಂದು ಗಾನಪಾಠಶಾಲೆಯನ್ನು ಸ್ಥಾಪಿಸಿದರು. ಆಸ್ಥಾನದ ಅಧಿಕಾರಿಯೊಬ್ಬರ ಮಗ, ಹುಟ್ಟುಕುರುಡನಾದ ಬಾಲಕನಿಗೆ ವಿದ್ಯೆಯ ಒಂದು ದಾರಿಯಾಗಲೆಂಬ ಕರುಣೆಯೇ ಅದಕ್ಕೆ ಮೂಲವೆಂದು ಆ ಸೀಮೆಯಲ್ಲಿ ಹೇಳುತ್ತಾರೆ. ಹರಿಕಥೆಯ ಪಿತಾಮಹರೆನಿಸಿದ ಆದಿಭಟ್ಲ ನಾರಾಯಣದಾಸರು ಮೊದಲ ಪ್ರಾಂಶುಪಾಲರಾದರು. ಪಿಟೀಲು ಕಲಿಯಲೆಂದು ಅರ್ಜಿ ಹಿಡಿದು ಬಂದ, ಕಣ್ಣಿನ ಬೆಳಕು ಮಂದವಾಗಿದ್ದ ತರುಣನೊಬ್ಬನ ವಾದನವನ್ನು ಕೇಳಿದ ದಾಸರು, ಈತ ಕಲಿಯಬೇಕಾದವನಲ್ಲ, ಕಲಿಸಬೇಕಾದವನೆಂದು ತೀರ್ಮಾನಿಸಿ, ಇಪ್ಪತ್ತಾರು ವರ್ಷವೂ ತುಂಬಿರದ ಅವನನ್ನು ಅಧ್ಯಾಪಕನನ್ನಾಗಿ ನೇಮಿಸಿಕೊಂಡರೆಂಬುದು ಪ್ರಸಿದ್ಧವಾದ ವೃತ್ತಾಂತ. ಆ ತರುಣನೇ ದ್ವಾರಂ ವೆಂಕಟಸ್ವಾಮಿ ನಾಯುಡು.

ಕನ್ನಡಿಗರು ಮರೆಯಬಾರದ ಸಂಗತಿಯೆಂದರೆ ನಾಯುಡುಗಳು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1893ರ ನವೆಂಬರ್ 8ರಂದು, ದೀಪಾವಳಿಯ ದಿನ. ಕುಟುಂಬ ವಿಶಾಖಪಟ್ಟಣಕ್ಕೆ ಬಂದು ನೆಲೆಸಿತು. ಅಣ್ಣ ವೆಂಕಟಕೃಷ್ಣಯ್ಯನವರೇ ಮೊದಲ ಗುರುಗಳಾದರು. 1919ರಲ್ಲಿ ಕೈಗೆ ಬಂದ ಆ ಅಧ್ಯಾಪಕವೃತ್ತಿಯನ್ನು ಅವರು ದಶಕಗಳ ಕಾಲ ನಡೆಸಿ, 1936ರಲ್ಲಿ ನಾರಾಯಣದಾಸರ ತರುವಾಯ ಪ್ರಾಂಶುಪಾಲರೂ ಆದರು. ಮದರಾಸಿನ ಸಭೆಗಳ ಕೃಪೆಯನ್ನು ಕಾಯಬೇಕಾದ ಅವಸ್ಥೆ ಅವರಿಗಿರಲಿಲ್ಲವೆಂಬುದನ್ನು ನಾನು ಒತ್ತಿ ಹೇಳುತ್ತೇನೆ. ಗಾಯಕರ ಪಕ್ಕದಲ್ಲಿ ಕುಳಿತು ಅವರ ಸಂಗತಿಗಳಿಗೆ ಪ್ರತಿಧ್ವನಿ ಕೊಡುವುದಷ್ಟೇ ಪಿಟೀಲಿನ ಪಾಡೆಂದು ಜನ ನಂಬಿದ್ದ ಕಾಲದಲ್ಲಿ, ಅದೊಂದನ್ನೇ ನಡುವೆ ಕೂಡಿಸಿ ಪೂರ್ಣ ಕಚೇರಿ ನಡೆಸುವ ಸಾಹಸಕ್ಕೆ ಅವರು ತೊಡಗಿದರು. 1938ರಲ್ಲಿ ವೆಲ್ಲೂರಿನಲ್ಲಿ ಅವರು ಮಾಡಿದ ತನಿಕಚೇರಿಯನ್ನು ಆ ಬಗೆಯಲ್ಲಿ ಮೊದಲನೆಯದೆಂದು ಅವರ ಚರಿತ್ರೆ ಬರೆದವರು ಎಣಿಸುತ್ತಾರೆ. ಕಚೇರಿ ಸೋತರೆ ಮನೆಯ ಒಲೆ ಆರುವ ಸ್ಥಿತಿಯಲ್ಲಿದ್ದವರು ಇಂಥ ಸಾಹಸವನ್ನು ಮಾಡಲಾರರು.

ಅವರ ಕಮಾನಿನ ವಿಷಯವನ್ನು ತುಸು ಹತ್ತಿರದಿಂದ ನೋಡಬೇಕು. ನಮ್ಮ ಪಿಟೀಲುವಾದಕರಲ್ಲಿ ಅನೇಕರು ಕಮಾನಿನ ನಡುಭಾಗದ ಒಂದು ಗೇಣನ್ನಷ್ಟೇ ಬಳಸಿ, ಸ್ವರಸ್ವರಕ್ಕೂ ಅದನ್ನು ಹಿಂದುಮುಂದಾಗಿ ತಿರುಗಿಸುತ್ತಾರೆ. ಗಾಯಕರ ವೇಗಕ್ಕೆ ಹೊಂದಿಕೊಳ್ಳಲು ಇದು ಸುಲಭ. ನಾಯುಡುಗಳಾದರೋ ಕಮಾನನ್ನು ಹಿಡಿಯ ಬುಡದಿಂದ ತುದಿಯವರೆಗೆ ಎಳೆದು, ಅಷ್ಟು ಉದ್ದದ ಒಂದೇ ಎಳೆತದಲ್ಲಿ ರಾಗದ ಒಂದು ಇಡೀ ವಾಕ್ಯವನ್ನು ಉಸುರುತ್ತಿದ್ದರು. ಇದಕ್ಕೆ ತೋಳಿನ ಬಲಕ್ಕಿಂತ ಮಣಿಕಟ್ಟಿನ ನಿಗ್ರಹ ಹೆಚ್ಚು ಬೇಕು; ತುದಿಗೆ ಬರುಬರುತ್ತ ಕಮಾನಿನ ಭಾರ ತಾನಾಗಿ ಕಡಿಮೆಯಾಗುವುದರಿಂದ, ಆ ಕೊರತೆಯನ್ನು ತೋರುಬೆರಳಿನ ಒತ್ತಡದಿಂದ ತುಂಬದಿದ್ದರೆ ನಾದ ಸೊರಗುತ್ತದೆ. ಅವರ ಹಳೆಯ ತಟ್ಟೆಗಳಲ್ಲಿ, ಆ ಕಾಲದ ಯಂತ್ರದ ಕರಕರ ಸದ್ದಿನ ಹಿಂದೆಯೂ, ಆ ನಾದ ಎಲ್ಲಿಯೂ ಸೊರಗಿಲ್ಲ. ಯೆಹೂದಿ ಮೆನುಹಿನ್ 1952ರಲ್ಲಿ ಮದರಾಸಿಗೆ ಬಂದಾಗ ನ್ಯಾಯಮೂರ್ತಿ ರಾಜಮನ್ನಾರರ ಮನೆಯಲ್ಲಿ ಅವರ ವಾದನವನ್ನು ಕೇಳಿ ಮೆಚ್ಚಿದರು. ಮೈಸೂರಿನ ಟಿ. ಚೌಡಯ್ಯನವರು ಅದೇ ಕಾಲದಲ್ಲಿ ಏಳು ತಂತಿಯ ಪಿಟೀಲಿನಿಂದ ನಾದದ ಗಾತ್ರವನ್ನು ಹಿಗ್ಗಿಸಿದರೆ, ನಾಯುಡುಗಳು ನಾಲ್ಕೇ ತಂತಿಯಲ್ಲಿ ಕಮಾನಿನಿಂದ ಅದನ್ನು ಸಾಧಿಸಿದರು. ಇಬ್ಬರಲ್ಲಿ ಯಾರು ಹೆಚ್ಚೆಂಬ ಜಗಳ ನನಗೆ ಬೇಡ. ಚೌಡಯ್ಯನವರಿಗೆ ಮೈಸೂರಿನ ಅರಮನೆಯಿತ್ತು, ನಾಯುಡುಗಳಿಗೆ ವಿಜಯನಗರಂನ ಪಾಠಶಾಲೆಯಿತ್ತು ಎಂಬುದಷ್ಟು ನಿಜ.

ಅರಸೊತ್ತಿಗೆಗಳು ಅಳಿಯುವ ಹೊತ್ತಿಗೆ ಆ ಸ್ಥಾನವನ್ನು ತುಂಬಿದ್ದು ಆಕಾಶವಾಣಿ. ವಿಜಯವಾಡದ ನಿಲಯ 1948ರ ಡಿಸೆಂಬರ್ 1ರಂದು ಆರಂಭವಾಯಿತು. ಅದೇ ಊರಿನಲ್ಲಿ ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದ ಪಾರುಪಲ್ಲಿ ರಾಮಕೃಷ್ಣಯ್ಯ ಪಂತುಲು ಗುರುಕುಲ ನಡೆಸುತ್ತಿದ್ದರು. ಅವರ ಬಳಿ ಕಲಿತ ಹುಡುಗರಿಗೆ ನಿಲಯದ ಬಾಗಿಲು ತೆರೆದದ್ದು ಕಾಲದ ಒಂದು ಮಹೋಪಕಾರ. ಹುಟ್ಟಿದ ಹದಿನೈದನೆಯ ದಿನಕ್ಕೇ ತಾಯಿಯನ್ನು ಕಳೆದುಕೊಂಡು, ಎಂಟರ ವಯಸ್ಸಿನಲ್ಲಿ ಕಚೇರಿ ಮಾಡಿದ ಮಂಗಳಂಪಲ್ಲಿ ಬಾಲಮುರಳೀಕೃಷ್ಣ ಅಲ್ಲಿ ನೌಕರರಾದರು. ಮುಂದೆ ಅದೇ ಊರಿನ ಸರಕಾರಿ ಸಂಗೀತ ಕಲಾಶಾಲೆಯ ಮೊದಲ ಪ್ರಾಂಶುಪಾಲರೂ ಆದರು. ಪಿಟೀಲಿನ ಅನ್ನವರಪು ರಾಮಸ್ವಾಮಿಯವರು 1948ರಿಂದ 1986ರ ವರೆಗೆ ಆ ನಿಲಯದಲ್ಲಿ ದುಡಿದರು. 2021ರಲ್ಲಿ, ತೊಂಬತ್ತೈದರ ಆಸುಪಾಸಿನಲ್ಲಿ, ಅವರಿಗೆ ಪದ್ಮಶ್ರೀ ಬಂತು. ಗಾಯಕ ಓಲೇಟಿ ವೆಂಕಟೇಶ್ವರ್ಲು ಅಲ್ಲಿದ್ದರು. ಬಾಲಾಂತ್ರಪು ರಜನೀಕಾಂತರಾಯರು ಅಲ್ಲಿ ರೂಪಿಸಿದ ಭಕ್ತಿರಂಜನಿ ಕಾರ್ಯಕ್ರಮ ಆಂಧ್ರದ ಮನೆಮನೆಯ ಮುಂಜಾವಿನ ದನಿಯಾಯಿತು. ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾಗಿ ‘ಬಿ’, ‘ಬಿ-ಹೈ’, ‘ಎ’, ‘ಟಾಪ್’ ಎಂಬ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುವ ಆ ಶ್ರೇಣಿವ್ಯವಸ್ಥೆಯನ್ನು ಹಳಿಯುವ ವಿದ್ವಾಂಸರನ್ನು ನಾನು ಬಹಳ ಕಂಡಿದ್ದೇನೆ, ಅವರ ದೂರುಗಳಲ್ಲಿ ಹುರುಳೂ ಇದೆ. ಆದರೆ ತಿಂಗಳ ಮೊದಲ ವಾರದಲ್ಲಿ ಸಂಬಳ ಬರುತ್ತಿತ್ತು, ನಿಲಯದ ತಂಬೂರಿಯ ಎದುರು ಬೆಳಗಿನಿಂದ ಸಂಜೆಯವರೆಗೆ ಅಭ್ಯಾಸ ನಡೆಯುತ್ತಿತ್ತು, ಮತ್ತು ಪಕ್ಕದ ಕೋಣೆಯಲ್ಲಿ ತನಗಿಂತ ಹಿರಿಯರು ಹಾಡುವುದು ಕಿವಿಗೆ ಬೀಳುತ್ತಿತ್ತು.

ಸಂಬಳ ಕೊಡುವ ಕೈ ಇಂಥದನ್ನೇ ಹಾಡೆಂದು ಅಪ್ಪಣೆಮಾಡಿದರೆ ಏನಾದೀತು? ತ.ರಾ.ಸು. ಅವರ ‘ಹಂಸಗೀತೆ’ಯನ್ನು ಓದಿದ ಕನ್ನಡಿಗರಿಗೆ ಇದರ ಉತ್ತರ ಗೊತ್ತು. ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯ ಅಧಿಕಾರದ ಆಜ್ಞೆಗೆ ಮಣಿದು ಹಾಡುವ ಬದಲು ನಾಲಗೆಯನ್ನೇ ಕತ್ತರಿಸಿಕೊಂಡರು. ಜಿ.ವಿ. ಅಯ್ಯರ್ 1975ರಲ್ಲಿ ಆ ಕಾದಂಬರಿಯನ್ನು ಚಿತ್ರವಾಗಿಸಿದಾಗ ಅದಕ್ಕೆ ಹಾಡಿ ರಾಷ್ಟ್ರಪ್ರಶಸ್ತಿ ಪಡೆದವರು ಬಾಲಮುರಳಿಯವರೇ. ತಮಗೆ ತೋಚಿದ ಹೊಸ ರಾಗಗಳನ್ನು ರಚಿಸಿ, ಸಂಪ್ರದಾಯಸ್ಥರ ಸಿಟ್ಟನ್ನು ತಲೆಯ ಮೇಲೆ ಹೊತ್ತು, ತಮ್ಮ ದಾರಿಯಲ್ಲೇ ನಡೆದ ಆ ಮಹಾಗಾಯಕರಿಗೆ ಬಾಳಿನ ಎಳೆಯ ದಿನಗಳಲ್ಲಿ ಒಂದು ಗಟ್ಟಿ ನೆಲವಿದ್ದದ್ದು ವಿಜಯವಾಡದಲ್ಲಿ.

ಸಂಬಳವನ್ನು ಸಂಗೀತದಿಂದಲೇ ಪಡೆಯಬೇಕೆಂಬ ನಿಯಮವೇನೂ ಇಲ್ಲ. ಡಾ. ಶ್ರೀಪಾದ ಪಿನಾಕಪಾಣಿಯವರು ವೈದ್ಯರು, ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರು. ನಾಡಿ ಹಿಡಿದು ಅನ್ನ ಸಂಪಾದಿಸಿ, ಶಿಷ್ಯರಿಗೆ ಸಂಗೀತವನ್ನು ಧಾರೆಯೆರೆದು, 1983ರಲ್ಲಿ ಮದರಾಸು ಅಕಾಡೆಮಿಯ ಸಂಗೀತ ಕಲಾನಿಧಿಗಳಾದರು. ಅವರ ಶಿಷ್ಯರಾದ ನೇದುನೂರಿ ಕೃಷ್ಣಮೂರ್ತಿಯವರು ಮೊದಲು ಕಲಿತದ್ದು ವಿಜಯನಗರಂನ ಅದೇ ಪಾಠಶಾಲೆಯಲ್ಲಿ. ಸರಕಾರಿ ಸಂಗೀತ ಕಲಾಶಾಲೆಗಳ ಪ್ರಾಂಶುಪಾಲರಾಗಿ ಊರೂರು ತಿರುಗಿ, ಕೊನೆಗೆ ವಿಶಾಖಪಟ್ಟಣದಲ್ಲಿ ನೆಲೆಸಿ, 2014ರ ಡಿಸೆಂಬರಿನಲ್ಲಿ ಇಲ್ಲೇ ಕಣ್ಮುಚ್ಚಿದರು. ಇಂದು ದೇಶವಿದೇಶಗಳಲ್ಲಿ ಹಾಡುವ ಮಲ್ಲಾದಿ ಸಹೋದರರ ತಂದೆ ಸೂರಿಬಾಬು ಅವರು ವಿಜಯವಾಡ ಆಕಾಶವಾಣಿಯ ಕಲಾವಿದರಾಗಿದ್ದವರು, ಓಲೇಟಿಯವರ ಶಿಷ್ಯರು. ಸಹೋದರರು ತಂದೆಯಿಂದ ಕಲಿತು ಪಿನಾಕಪಾಣಿ, ನೇದುನೂರಿಯವರ ಬಳಿ ಮುಂದುವರಿದರು. 1919ರಲ್ಲಿ ದೊರೆಯೊಬ್ಬರು ಕೊಟ್ಟ ಸಂಬಳವೂ 1948ರಲ್ಲಿ ಸರಕಾರ ಕೊಟ್ಟ ಸಂಬಳವೂ ಹೀಗೆ ಕೂಡಿಹರಿದು ಒಂದೇ ಮನೆಯ ಇಬ್ಬರ ಕಂಠದಲ್ಲಿ ಫಲಿಸಿವೆ.

ಈಗ ಇಪ್ಪತ್ತೈದರ ವಯಸ್ಸಿನ ಪಿಟೀಲುವಾದಕನೊಬ್ಬನಿಗೆ ಈ ತೀರದಲ್ಲಿ ಅಂಥ ಪೀಠಗಳು ಎಷ್ಟು ತೆರೆದಿವೆ? ನಿಲಯಗಳಲ್ಲಿ ಖಾಯಂ ಕಲಾವಿದರು ಅಪರೂಪವಾದರು. ಕಚೇರಿಗಳು ಡಿಸೆಂಬರಿನ ಚೆನ್ನೈಯಲ್ಲೂ ನವರಾತ್ರಿಯ ಹತ್ತು ದಿನಗಳಲ್ಲೂ ಒತ್ತಾಗಿ ಬಂದು, ಉಳಿದ ತಿಂಗಳುಗಳನ್ನು ಬರಿದಾಗಿ ಬಿಡುತ್ತವೆ. ಪಕ್ಕವಾದ್ಯದವನಿಗೆ ಸಿಗುವುದು ಗಾಯಕರ ಸಂಭಾವನೆಯ ಒಂದು ಪಾಲು ಮಾತ್ರ. ಆದ್ದರಿಂದ ಅವನು ಬೆಳಗಿನ ಜಾವ ಐದಕ್ಕೆ ಎದ್ದು ಫೋನನ್ನು ಎದುರಿಗಿಟ್ಟುಕೊಂಡು ಅಮೆರಿಕದಲ್ಲಿರುವ ನಮ್ಮವರ ಮಕ್ಕಳಿಗೆ ಪಾಠ ಹೇಳುತ್ತಾನೆ. ಇಂಥ ಪಾಠಗಳ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ದನಿ ಆಚೆಗೆ ತಲುಪಿ ಮರಳುವಷ್ಟರಲ್ಲಿ ತಾಳ ಅರೆಕ್ಷಣ ಹಿಂದುಳಿಯುವುದರಿಂದ ಗುರುಶಿಷ್ಯರು ಜೊತೆಯಾಗಿ ನುಡಿಸುವಂತಿಲ್ಲ; ಒಬ್ಬರು ನುಡಿಸಿ ನಿಲ್ಲಿಸಬೇಕು, ಆಮೇಲೆ ಇನ್ನೊಬ್ಬರು. ಅದಕ್ಕಿಂತ ದೊಡ್ಡ ತೊಡಕೆಂದರೆ, ಮಗುವಿನ ಮುಖವೂ ಎಡಗೈ ಬೆರಳುಗಳೂ ತೆರೆಯಲ್ಲಿ ಕಾಣುತ್ತವೆ, ಕಮಾನಿನ ತುದಿ ಮಾತ್ರ ಚೌಕಟ್ಟಿನ ಹೊರಗೆ ಹೋಗಿಬಿಡುತ್ತದೆ. ಎಷ್ಟು ಉದ್ದ ಎಳೆಯಿತು, ತುದಿಯಲ್ಲಿ ಬೆರಳು ಒತ್ತಿತೇ ಎಂಬುದು ಗುರುವಿಗೆ ತಿಳಿಯದು. ನಾಯುಡುಗಳ ವಿದ್ಯೆಯ ಸಾರವಿದ್ದದ್ದು ಆ ತುದಿಯಲ್ಲೇ. ಮನೆಯ ಬಾಡಿಗೆ ಇದರಿಂದ ಸಲ್ಲುತ್ತದೆ, ಆ ಶಿಕ್ಷಕನ ಶ್ರದ್ಧೆಗೂ ಕೊರತೆಯಿಲ್ಲ. ಆದರೂ ದಿನಕ್ಕೆ ಏಳೆಂಟು ಪಾಠ ಹೇಳಿ ದಣಿದ ಕೈಗೆ ತನ್ನ ಸಾಧಕಕ್ಕೆಂದು ಏನು ಉಳಿದೀತೆಂಬ ಚಿಂತೆ ನನ್ನನ್ನು ಬಿಡುವುದಿಲ್ಲ.

ಆದಕಾರಣ ಈ ಕರಾವಳಿಯ ಊರುಗಳಲ್ಲಿರುವ ಕನ್ನಡ ಬಂಧುಗಳಲ್ಲಿ ಒಂದು ಬಿನ್ನಹ. ರಾಜ್ಯೋತ್ಸವಕ್ಕೋ ದಾಸರ ಆರಾಧನೆಗೋ ಬೆಂಗಳೂರಿನಿಂದ ಹೆಸರಾಂತ ಗಾಯಕರನ್ನು ವಿಮಾನದಲ್ಲಿ ಕರೆಸಿ, ಎರಡು ತಾಸು ಹಾಡಿಸಿ, ಹಾರಹಾಕಿ ಕಳುಹಿಸಲು ಮಾಡುವ ವೆಚ್ಚದ ಒಂದಂಶದಲ್ಲಿ ಇಲ್ಲಿಯದೇ ತರುಣ ವಾದಕನೊಬ್ಬನಿಗೆ ಇಡೀ ವರ್ಷದ ವೇತನವನ್ನು ಗೊತ್ತುಮಾಡಬಹುದು: ವಾರಕ್ಕೆರಡು ಬಾರಿ ನಮ್ಮ ಮಕ್ಕಳನ್ನು ಎದುರಿಗೆ ಕೂಡಿಸಿಕೊಂಡು ಕಲಿಸಲಿ, ತಿಂಗಳಿಗೊಂದು ಸಂಜೆ ತನ್ನ ಇಚ್ಛೆಯ ರಾಗವನ್ನು ತನಗೆ ತೋಚಿದಷ್ಟು ಹೊತ್ತು ನುಡಿಸಲಿ, ಮೃದಂಗದವನಿಗೂ ಅವನಿಗೂ ಸಮಾನವಾದ ಸಂಭಾವನೆಯಿರಲಿ. ಮೊದಲ ವರ್ಷ ಕೇಳುವವರು ಇಪ್ಪತ್ತು ಜನ ಬಂದರೆ ಸಾಕು. ಹಣದ ಲೆಕ್ಕವನ್ನು ಗಾಂಧೀಜಯಂತಿಯ ಮುಂಚೆ ಗೊತ್ತುಪಡಿಸಿಕೊಂಡರೆ, ವಾದಕನು ಬೆಳಗಿನ ಪಾಠಗಳಲ್ಲಿ ಕೆಲವನ್ನು ಬಿಟ್ಟು, ಆ ಹೊತ್ತನ್ನು ತನ್ನ ಕಮಾನಿಗೆ ಮೀಸಲಿಡಲು ಅವಕಾಶವಾಗುತ್ತದೆ.